ಪಕ್ಕದ ಮನೆಯ ಮುಯ್ಯಾಳು

ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಪಕ್ಕದ ಮನೆಯ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಹಾಲಿನ ಪಾತ್ರೆ ಉಜ್ಜುತ್ತಿದ್ದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಸುರೇಶ ನನ್ನ ಮನೆಯ ಅಡುಗೆಮನೆಯಲ್ಲಿ ನಿಂತು ನನ್ನ ಮಗಳಿಗೆ ದೋಸೆ ಹೊಯ್ಯುತ್ತಿದ್ದ. ಇಬ್ಬರ ಹೆಂಡತಿಯರೂ ಮನೆಯಲ್ಲಿರಲಿಲ್ಲ. ಆರು ಗಂಟೆಯ ಜೀಪು ಹತ್ತಿ ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗಿದ್ದರು. ಇಷ್ಟು ಖಚಿತ ಮಾಹಿತಿ.

ಪಾತ್ರೆಯ ತಳದಲ್ಲಿ ಹಾಲು ಸ್ವಲ್ಪ ಹಿಡಿದಿತ್ತು. ಹೊತ್ತಿದ ಹಾಲಿನ ವಾಸನೆಗೆ ಹುಣಸೆಹಣ್ಣಿನ ಹುಳಿ ಸೇರಿದರೆ ಮೂಗಿನೊಳಗೆ ಏನೋ ಒಂದು ಎದ್ದು ಕೂರುತ್ತದೆ. ನಿಮಗೆ ಹೇಗೋ ಗೊತ್ತಿಲ್ಲ, ನನಗೆ ಆ ವಾಸನೆ ಬಂದಾಗಲೆಲ್ಲ ಮೈಯಲ್ಲಿ ಉತ್ಸಾಹ ಉಕ್ಕುತ್ತದೆ. ಪಾತ್ರೆ ತೊಳೆಯುವಾಗ ಉತ್ಸಾಹವೇ ಎಂದು ನೀವು ಕೇಳಬಹುದು. ಕೇಳಿ. ಹೇಳುವುದಕ್ಕೇ ಕುಳಿತಿದ್ದೇನೆ.

ನಾನು ಜಿಲ್ಲೆಯ ಪತ್ರಿಕೆಯೊಂದಕ್ಕೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನ ಸುದ್ದಿ ಕಳಿಸುವವನು. ಯಾರು, ಏನು, ಎಲ್ಲಿ, ಯಾವಾಗ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಬೇಕು, ವಿಶೇಷಣ ಬಳಸಬಾರದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ಬರೆಯಬಾರದು ಎಂದು ಕಲಿತು ಬೆಳೆದವನು. ನಮ್ಮದು ಕೊಪ್ಪದ ಬಸ್ ನಿಲ್ದಾಣದ ಹಿಂದಿನ ಸಾಲುಮನೆ. ನಾಲ್ಕು ಮನೆಗಳಿಗೆ ಒಂದೇ ಹೆಂಚಿನ ಮಾಡು. ನಡುವಿನ ಗೋಡೆಗಳು ಮಾಡಿನವರೆಗೆ ಹೋಗುವುದಿಲ್ಲ. ಮೇಲೆ ಎರಡು ಮೊಳ ಖಾಲಿ. ಹಾಗಾಗಿ ಪಕ್ಕದ ಮನೆಯಲ್ಲಿ ಸಾಸಿವೆ ಸಿಡಿದರೆ ನಮಗೆ ಸೀನು, ನಮ್ಮಲ್ಲಿ ಜಗಳವಾದರೆ ಅವರಿಗೆ ವಿವರ. ಇಷ್ಟು ಸುಲಭದಲ್ಲಿ ಸುದ್ದಿ ಸಿಗುವ ಜಾಗದಲ್ಲಿದ್ದೂ ನನ್ನದೇ ಮನೆಯ ದೊಡ್ಡ ಸುದ್ದಿಯೊಂದು ನನ್ನ ಕೈತಪ್ಪಿತ್ತು.

ಅದು ಆರು ವರ್ಷದ ಹಿಂದಿನ ಮಾತು. ಆಷಾಢ. ಸುರೇಶನ ಹೆಂಡತಿ ಗಿರಿಜಕ್ಕ ನಮ್ಮ ಬೀದಿಯ ಹೆಂಗಸರನ್ನು ಸೇರಿಸಿ ಹಗ್ಗಜಗ್ಗಾಟದ ತಂಡ ಕಟ್ಟಿದ್ದರು. ಗಿರಿಜಕ್ಕ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಅಕ್ಕಿ ಮೂಟೆಯನ್ನು ಒಬ್ಬರೇ ಎತ್ತಿ ಗೋಡೆಗೆ ಒರಗಿಸುವವರು. ಶ್ರಾವಣದಲ್ಲಿ ನರಸಿಂಹರಾಜಪುರದ ಕಡೆ ಕೆಸರುಗದ್ದೆ ಆಟಗಳಿದ್ದವು. ಅದರಲ್ಲಿ ನಮ್ಮ ಬೀದಿಯ ತಂಡ ಹಗ್ಗ ಹಿಡಿಯಬೇಕು ಎಂಬುದು ಅವರ ಹಟ. ಮೂರು ಸಾಲಿನ ಸುದ್ದಿಯಾದೀತೆಂದು ನಾನು ನೋಟ್‌ಬುಕ್ ಹಿಡಿದು ಪಕ್ಕದ ಜಗಲಿಗೆ ಹೋದೆ.

"ಎಂಟು ಹೆಸ್ರು ಹೇಳಿ ಗಿರಿಜಕ್ಕ."

"ಈಗ ಏಳೇ ಇರೂದು."

"ಎಂಟನೇದು?"

"ನಿಮ್ಮನೆ ಜಯಂತಿ ಇದ್ಲಲ್ಲ. ನಿನ್ನೆ ಬಿಟ್ಲು."

"ಯಾಕೆ?"

"ನನ್ನ ಕೇಳ್ತೀರಲ್ಲ ಮಾರಾಯ್ರೆ! ಪೇಪರಿನವ್ರು ನೀವು. ಒಂದೇ ಮನೇಲಿ ಇರೂದಲ್ದಾ?"

ಜಯಂತಿ ನನ್ನ ಹೆಂಡತಿ. ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿಯಲ್ಲಿ ಕೆಲಸ. ಅವಳು ತಂಡಕ್ಕೆ ಸೇರಿದ್ದು ನನಗೆ ಗೊತ್ತಿರಲಿಲ್ಲ, ಬಿಟ್ಟದ್ದೂ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಎರಡು ವರ್ಷ ಹಗ್ಗದ ತುದಿಯಲ್ಲಿ ನಿಲ್ಲುತ್ತಿದ್ದಳು, ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಹಿಮ್ಮಡಿ ಊರಿದರೆ ಅಲ್ಲಾಡುತ್ತಿರಲಿಲ್ಲ ಎಂಬುದನ್ನೂ ಗಿರಿಜಕ್ಕನೇ ಹೇಳಬೇಕಾಯಿತು. ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದ ವರದಿಗಾರನ ಸಾಧನೆ ಇದು.

ಮನೆಗೆ ಬಂದು ಕೇಳಿದೆ. ಅವಳು ಸೂಜಿಗೆ ನೂಲು ಪೋಣಿಸುತ್ತಿದ್ದಳು.

"ಬೆಳಿಗ್ಗೆ ಆರರಿಂದ ಏಳೂವರೆ ಪ್ರಾಕ್ಟೀಸು. ಆ ಹೊತ್ತಲ್ಲಿ ಮನೇಲಿ ಎಂತೆಂತ ಆಗ್ಬೇಕು, ಗೊತ್ತುಂಟಾ ನಿಮಗೆ?"

"ಗೊತ್ತುಂಟು."

"ಹೇಳಿ ನೋಡುವ."

"ಕಾಫಿ," ಎಂದೆ. "ತಿಂಡಿ." ಆಮೇಲೆ ಸ್ವಲ್ಪ ಯೋಚಿಸಿ "ಮಗಳನ್ನು ಎಬ್ಬಿಸೂದು," ಎಂದೆ. ಅಲ್ಲಿಗೆ ನಿಂತಿತು.

ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. "ಹೋಗ್ಲಿ ಬಿಡಿ," ಎಂದು ನೂಲಿಗೆ ಗಂಟು ಹಾಕಿದಳು. ಅದರಲ್ಲಿ ಸಿಟ್ಟಿದ್ದಿದ್ದರೆ ಜಗಳವಾಡಬಹುದಿತ್ತು. ಸಿಟ್ಟಿರಲಿಲ್ಲ. ಆಗುವುದಿಲ್ಲ ಎಂದು ಲೆಕ್ಕ ಹಾಕಿ ಮುಗಿಸಿದವರ ದನಿ ಅದು.

ನಾನು ಎದ್ದು ನಿಂತು ಘೋಷಿಸಿದೆ: ನಾಳೆಯಿಂದ ಬೆಳಗಿನ ಕೆಲಸವೆಲ್ಲ ನನ್ನದು. ನೀನು ಹಗ್ಗ ಹಿಡಿ.

ಆ ವಾರದ ವರದಿ ಹೀಗಿದೆ. ಸೋಮವಾರ ನಾನು ಮೈದಾನದಲ್ಲಿದ್ದ ಅವಳಿಗೆ ಐದು ಸಲ ಫೋನ್ ಮಾಡಿದೆ. ಉಪ್ಪಿನ ಡಬ್ಬಿ ಯಾವುದು, ಮಗಳ ಸಾಕ್ಸ್ ಎಲ್ಲಿ, ಹಿಟ್ಟಿಗೆ ನೀರು ಎಷ್ಟು. ಅವಳು ಪ್ರತಿ ಸಲವೂ ಹಗ್ಗ ಬಿಟ್ಟು, ಕೈ ಒರೆಸಿಕೊಂಡು, ಚೀಲದಿಂದ ಫೋನ್ ತೆಗೆದು ಉತ್ತರ ಕೊಟ್ಟಳು. ಉಳಿದ ಏಳು ಜನ ಹಗ್ಗ ಹಿಡಿದು ಕಾದರು. ಬುಧವಾರ ಒಲೆಯ ಮೇಲೆ ಹಾಲಿಟ್ಟು ಪೇಪರ್ ಓದುತ್ತ ಕುಳಿತು ಪಾತ್ರೆಯ ತಳ ಕಪ್ಪು ಮಾಡಿದೆ. ಗುರುವಾರ ನಾನು ಗುಡಿಸಿದ್ದನ್ನು ಅವಳು ಬಂದು ಮತ್ತೆ ಗುಡಿಸಿದಳು.

"ಮಾಡಿದ್ಮೇಲೂ ಮಾತು ಕೇಳಬೇಕಾ?" ಎಂದೆ.

"ನಾನೆಂತ ಹೇಳಿದೆ? ಸುಮ್ಮನೆ ಗುಡಿಸ್ತಿದ್ದೇನೆ."

"ಅದೇ. ಆ ಸುಮ್ಮನೆ ಗುಡಿಸೂದೇ."

ಅವಳು ಪೊರಕೆ ಗೋಡೆಗೆ ಒರಗಿಸಿದಳು. "ನಿಮ್ಮ ಕೈಲಿ ಮಾಡ್ಸೂದಕ್ಕಿಂತ ನಾನೇ ಮಾಡೂದು ಸಲೀಸು. ಮಾಡ್ಸೂದಕ್ಕೆ ಕೈಯೂ ಬೇಕು, ತಲೆಯೂ ಬೇಕು. ಮಾಡೂದಕ್ಕೆ ಕೈ ಸಾಕು."

ಆಗಲೇ ಗೋಡೆಯ ಮೇಲಿನಿಂದ ಗಿರಿಜಕ್ಕನ ದನಿ ಬಂತು. ನಮಗಲ್ಲ, ಸುರೇಶನಿಗೆ. "ಒಂದು ತಟ್ಟೆ ತೊಳೆದ್ರೆ ಊರಿಗೆಲ್ಲ ಡಂಗುರ ಹೊಡೀಬೇಕಾ ನಿಮಗೆ?" ಸುರೇಶ ಶೃಂಗೇರಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಬಸ್ಸಿನಲ್ಲಿ ಎಪ್ಪತ್ತು ಜನರನ್ನು ಸುಧಾರಿಸುವವನು ಅವತ್ತು ಅದೇ ತಟ್ಟೆಯನ್ನು ಮತ್ತೊಮ್ಮೆ ತೊಳೆಯುವ ಸದ್ದು ಕೇಳಿತು.

ಶನಿವಾರ ಸಂಜೆ ಇಬ್ಬರು ಹೆಂಗಸರೂ ಜಗಲಿಯಲ್ಲಿ ಕುಳಿತು ತಂಡವನ್ನೇ ಬಿಡುವ ಮಾತಾಡಿದರು. ಗಿರಿಜಕ್ಕ ನಾಯಕಿ, ಜಯಂತಿ ಹಗ್ಗದ ತುದಿ. ಅವರಿಬ್ಬರು ಬಿಟ್ಟರೆ ಉಳಿದ ಆರು ಜನ ಹಗ್ಗ ಸುತ್ತಿ ಅಟ್ಟಕ್ಕೆ ಹಾಕುವುದೇ. ನಾನು ಒಳಗೆ ಕುಳಿತು ಕೇಳಿಸಿಕೊಂಡೆ. ಜಯಂತಿ ಹೇಳಿದ ಒಂದು ಮಾತು ಈಗಲೂ ಕಿವಿಯಲ್ಲಿದೆ. "ಹಗ್ಗ ಹಿಡಿದಾಗ ಮಾತ್ರ ನಂಗೆ ಮನೆ ನೆನಪಾಗೂದಿಲ್ಲ ಗಿರಿಜಕ್ಕ. ಅದೊಂದು ಗಂಟೆ ಸಿಕ್ಕಿದ್ರೆ ಸಾಕಿತ್ತು."

ಅಲ್ಲೇ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದವರು ಪುಟ್ಟಮ್ಮಜ್ಜಿ, ಸುರೇಶನ ತಾಯಿ. ಹಿರೇಕೊಡಿಗೆಯಲ್ಲಿ ಗದ್ದೆಕೆಲಸ ಮಾಡಿ ಬೆನ್ನು ಬಾಗಿಸಿಕೊಂಡು ಮಗನ ಮನೆಗೆ ಬಂದವರು. ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ ನಮ್ಮಿಬ್ಬರು ಗಂಡಸರನ್ನೂ ಹೊರಗೆ ಕರೆದರು.

"ಮಗಾ, ಮುಯ್ಯಾಳು ಅಂದ್ರೆ ಗೊತ್ತುಂಟಾ?"

ಗೊತ್ತಿತ್ತು. ನೆಟ್ಟಿಯ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಕೊಡುವುದಿಲ್ಲ, ಆಳಿಗೆ ಆಳು ತೀರಿಸುವುದು. ಈಗ ಕಡಿಮೆಯಾಗಿರುವ ಪದ್ಧತಿ ಎಂದು ನಾನೇ ಒಮ್ಮೆ ಬರೆದಿದ್ದೆ.

"ನಾಳೆಯಿಂದ ನೀನು ನಮ್ಮನೆಗೆ ಮುಯ್ಯಾಳು. ಇವ ನಿಮ್ಮನೆಗೆ," ಎಂದರು ಅಜ್ಜಿ. "ಸ್ವಂತ ಮನೇಲಿ ನೀವಿಬ್ರು ಕೆಲಸ ಮಾಡೂದು ಹೆಂಡ್ತಿಗೆ ಉಪಕಾರ ಮಾಡಿದ ಹಾಗೆ. ಬೇರೆಯವ್ರ ಮನೇಲಿ ಹಾಗೆ ಮಾಡ್ಲಿಕ್ಕೆ ಆಗೂದಿಲ್ಲ, ಮರ್ಯಾದೆ ಹೋಗ್ತದೆ."

"ಜನ ನಗ್ತಾರಮ್ಮ," ಎಂದ ಸುರೇಶ.

"ಈಗ ಅಳ್ತಿದ್ದಾರಾ?"

ಅಜ್ಜಿ ಮುಯ್ಯಾಳಿನ ಕಟ್ಟಳೆಯನ್ನೂ ಅಲ್ಲೇ ಹೇಳಿದರು. ಮನೆಯವರು ಕೆಲಸವನ್ನು ಒಂದು ಸಲ ತೋರಿಸಬೇಕು, ಅಷ್ಟೇ. ಆಮೇಲೆ ಮುಯ್ಯಾಳನ್ನು ಬೈಯುವ ಹಾಗಿಲ್ಲ, ಅವನು ನೆಟ್ಟ ಸಾಲನ್ನು ಕಿತ್ತು ಮತ್ತೆ ನೆಡುವ ಹಾಗಿಲ್ಲ. ಮುಯ್ಯಾಳೂ ಅಷ್ಟೆ, ಸಾಲು ಹಿಡಿದ ಮೇಲೆ ಮುಗಿಸಿಯೇ ಏಳಬೇಕು. "ಅಲ್ಲೆಂತ ಇಲ್ಲೆಂತ ಅಂತ ಗದ್ದೆ ತುಂಬ ಕೂಗಿದವನನ್ನ ಮರುವರ್ಷ ಯಾರೂ ಕರೀತಿರ್ಲಿಲ್ಲ," ಎಂದು ನನ್ನತ್ತ ನೋಡಿದರು. ಫೋನಿನ ವಿಷಯ ಅಜ್ಜಿಯವರೆಗೂ ಹೋಗಿತ್ತು.

ಹೆಂಗಸರಿಬ್ಬರೂ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆದರೆ ಬೇಡವೆನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಗಿರಿಜಕ್ಕ ನನಗೆ ತಮ್ಮ ಅಡುಗೆಮನೆ ತೋರಿಸಿ ಹೋದರು. ನನಗೆ ಆಶ್ಚರ್ಯವಾದ ಸಂಗತಿ ಇದು: ಮೊದಲ ಸಲ ನಾನು ಒಂದು ಅಡುಗೆಮನೆಯನ್ನು ಸರಿಯಾಗಿ ನೋಡಿದೆ. ಫೋನ್ ಮಾಡುವಂತಿಲ್ಲವಾದ್ದರಿಂದ ಯಾವ ಡಬ್ಬಿ ಎಲ್ಲಿ ಎಂದು ತಾಲ್ಲೂಕು ಕಚೇರಿಯ ಕಡತ ನೋಡುವ ಹಾಗೆ ನೋಡಿಕೊಂಡೆ. ಅಜ್ಜಿಗೆ ಬಿಸಿನೀರು, ಅಜ್ಜಿಗೆ ಗಂಜಿ, ಅದಕ್ಕೆ ಉಪ್ಪು ಕಡಿಮೆ, ಮಕ್ಕಳಿಗೆ ಉಪ್ಪಿಟ್ಟು, ಅದರಲ್ಲಿ ದೊಡ್ಡವನಿಗೆ ಮೆಣಸು ಆಗದು. ಬೇರೆಯವರ ಮನೆ ಎಂಬ ಕಾರಣಕ್ಕೆ ತಳ ಹಿಡಿದ ಹಾಲಿನ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ, ಒಲೆ ಎತ್ತಿ ಅದರ ಅಡಿಯನ್ನೂ ಒರೆಸಿದೆ. ನನ್ನ ಮನೆಯ ಒಲೆಗೆ ಅಡಿ ಎಂಬುದು ಇದೆಯೆಂದೇ ನಾನು ಯೋಚಿಸಿರಲಿಲ್ಲ. ಏಳೂಕಾಲಿಗೆ ಎಲ್ಲ ಮುಗಿದಿತ್ತು. ಕೈ ಒರೆಸಿಕೊಂಡು ಮನೆಗೆ ಬಂದೆ. ಒಳಗೆ ಸುರೇಶ ಇನ್ನೂ ಬಟ್ಟೆ ಹಿಂಡುತ್ತಿದ್ದ. ನಾನು ಗೆದ್ದವನ ಹಾಗೆ ಕುರ್ಚಿ ಎಳೆದು ಕುಳಿತು ಪೇಪರ್ ತೆಗೆದೆ.

ಗೋಡೆಯಾಚೆಯಿಂದ ಅಜ್ಜಿ ಕೂಗಿದರು. "ಕುರ್ಚಿ ಎಳೆದ ಶಬ್ದ ಕೇಳಿತು ಮಗಾ. ಮುಯ್ಯಾಳು ಗದ್ದೇಲಿರುವಾಗ ಮನೆಯವ ಅಂಚಿನ ಮೇಲೆ ಕೂರ್ತಾನಾ?"

ಎದ್ದೆ. ಸುರೇಶ ಹಿಂಡಿದ ಬಟ್ಟೆಯನ್ನು ನಾನು ಕೊಡವಿ ಹರವಿದೆ. ಆಗ ಅವನು ಹೇಳಿದ್ದು:

"ನಿಮ್ಮನೇಲಿ ಇಷ್ಟು ಕೆಲ್ಸ ಉಂಟು ಅಂತ ಗೊತ್ತಿರ್ಲಿಲ್ಲ ಮಾರಾಯ. ಕಾಫಿ ಲೋಟವೇ ನಾಲ್ಕು ಸಿಕ್ತು. ಒಂದು ಕಿಟಕೀಲಿ, ಒಂದು ಪೇಪರ್ ರಾಶಿ ಹಿಂದೆ, ಒಂದು ಬಚ್ಚಲ ಬಾಗ್ಲಲ್ಲಿ. ಮತ್ತೊಂದು ನಿನ್ನ ಸ್ಕೂಟರ್ ಮೇಲೆ. ಹುಡುಕೂದೇ ಒಂದು ಕೆಲ್ಸ."

ನಮ್ಮ ಮನೆಯಲ್ಲಿ ಮೂರು ಜನ. ಮಗಳು ನಾಲ್ಕನೇ ಕ್ಲಾಸು, ಹಾಲು ಕುಡಿಯುವವಳು. ಜಯಂತಿ ಕಾಫಿ ಮುಟ್ಟುವುದಿಲ್ಲ. ತನಿಖೆಗೆ ಹೆಚ್ಚು ಸಮಯ ಬೇಕಾಗಲಿಲ್ಲ.

ನಾನೂ ಸುಮ್ಮನಿರಲಿಲ್ಲ. "ನಿನ್ನ ಖಾಕಿ ಅಂಗಿ ಜೇಬಲ್ಲಿ ಟಿಕೆಟ್ ಚೂರು ಇತ್ತು. ನೀರಲ್ಲಿ ನೆನೆದು ಮಕ್ಕಳ ಯೂನಿಫಾರ್ಮಿಗೆಲ್ಲ ಮೆತ್ತಿಕೊಂಡಿತ್ತು. ಒಂದೊಂದೇ ಕಿತ್ತೆ. ಗಿರಿಜಕ್ಕ ದಿನಾ ಕೀಳ್ತಾರೇನೋ."

ಸುರೇಶನ ಕೈ ನಿಂತಿತು. "ಅವ್ಳು ಒಂದು ದಿನವೂ ಹೇಳ್ಲಿಲ್ಲ ಮಾರಾಯ."

"ಹೇಳಿರ್ತಾರೆ."

ಅವನು ಯೋಚಿಸಿದ. "ಹೌದು. ಹೇಳಿದ್ಲು."

ಓದುವ ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನಾನು ಅವತ್ತು ಬಟ್ಟೆ ಹರವುವ ಹಗ್ಗದ ಕೆಳಗೆ ನಿಂತು ಆ ನಾಲ್ಕು ಲೋಟಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಎಣಿಸಿದೆ. ಹನ್ನೊಂದು ವರ್ಷದಲ್ಲಿ ಜಯಂತಿ ಲೋಟದ ವಿಷಯ ಎಷ್ಟು ಸಲ ಹೇಳಿದ್ದಳೋ. ಅವಳು ಹೇಳಿದಾಗಲೆಲ್ಲ ಅದು ನನ್ನ ಕಿವಿಗೆ ದೂರಿನ ಹಾಗೆ ಕೇಳಿತ್ತು, ದೂರಿಗೆ ನನ್ನಲ್ಲಿ ಸಮಜಾಯಿಷಿ ಸಿದ್ಧವಿತ್ತು. ಅದನ್ನೇ ಸುರೇಶ ಹೇಳಿದಾಗ ಸಮಜಾಯಿಷಿ ನಾಲಿಗೆಗೆ ಬರಲಿಲ್ಲ. ಸಂಬಂಧವಿಲ್ಲದ ಎರಡನೆಯ ಮೂಲದಿಂದ ಸುದ್ದಿ ಖಚಿತವಾಗಿತ್ತು.

ಆ ದಿನದಿಂದ ಎರಡು ವಾರ ನಾವು ಪ್ರತಿ ಬೆಳಿಗ್ಗೆ ಮನೆ ಬದಲಾಯಿಸಿಕೊಂಡೆವು. ಸುರೇಶನ ಬಸ್ಸು ಎಂಟಕ್ಕೆ ಹೊರಡುತ್ತಿತ್ತು, ಅಷ್ಟರೊಳಗೆ ಅವನು ನಮ್ಮ ಮನೆಯ ಸಾಲು ಮುಗಿಸುತ್ತಿದ್ದ. ಜಯಂತಿ ನನಗೆ ಹೇಳಬಹುದಾದದ್ದನ್ನು ಅವನಿಗೆ ಹೇಳುವ ಹಾಗಿರಲಿಲ್ಲ. ಅವನು ಮಡಚಿದ ಚಾದರ ಓರೆಯಾಗಿದ್ದರೆ ಓರೆಯಾಗಿಯೇ ಇರುತ್ತಿತ್ತು. "ಚಾದರ ಓರೆಯಾದ್ರೂ ನಿದ್ದೆ ಬರ್ತದೆ," ಎಂದು ಅವಳು ಒಂದು ದಿನ ತಾನೇ ಕಂಡುಹಿಡಿದವಳ ಹಾಗೆ ಹೇಳಿದಳು. ಆಮೇಲೆ ವಾರದ ದಿನಗಳಲ್ಲಿ ನಮ್ಮ ನಮ್ಮ ಮನೆಯ ಕೆಲಸವನ್ನೇ ಹಿಡಿದೆವು. ಅಷ್ಟರಲ್ಲಿ ಅಭ್ಯಾಸವಾಗಿತ್ತು. ಭಾನುವಾರ ಮಾತ್ರ ಮುಯ್ಯಾಳು ಎಂದಾಯಿತು. ಮೈದಾನದಲ್ಲಿ ಯಾರ ಫೋನೂ ಮೊಳಗಲಿಲ್ಲ.

ಆಟದ ದಿನವೂ ಭಾನುವಾರವೇ, ಸುರೇಶನಿಗೆ ರಜೆ. ಎಂಟು ಗಂಟೆಗೆ ಜೀಪು. ನಾನು ಪಕ್ಕದ ಮನೆಯಲ್ಲಿ ರೊಟ್ಟಿಹಿಟ್ಟು ಕಲಸುತ್ತಿದ್ದೆ. ಏಳೂವರೆಗೆ ನಮ್ಮ ಮನೆಯ ಬಾಗಿಲಲ್ಲಿ ಪರಿಚಿತ ಕೆಮ್ಮು ಕೇಳಿತು. ಶೃಂಗೇರಿಯ ಅತ್ತೆ, ನನ್ನ ತಂದೆಯ ಅಕ್ಕ. ಮಠದ ಪಾಠಶಾಲೆಯಲ್ಲಿ ಕಲಿಸಿದ ಮಾವನ ಹೆಂಡತಿ. ಹೇಳದೆ ಬರುವುದು ಅವರ ರೂಢಿ, ಬಂದ ಮನೆಯ ಸೊಸೆ ಎದುರಿಗಿರಬೇಕೆಂಬುದು ನಿಯಮ. ಗೋಡೆಯ ಮೇಲಿನಿಂದ ಪ್ರತಿ ಅಕ್ಷರ ಕೇಳುತ್ತಿತ್ತು.

"ಜಯಂತೀ, ಎಂತದಿದು ವೇಷ? ಒಳಗೆ ದೋಸೆ ಹೊಯ್ತಾ ಇರೂದು ಯಾರು?"

"ಪಕ್ಕದ್ಮನೆ ಸುರೇಶ ಅಮ್ಮ," ಎಂದಿತು ಸುರೇಶನ ದನಿ. "ಇವತ್ತು ಈ ಮನೆ ಮುಯ್ಯಾಳು ನಾನು."

"ಮುಯ್ಯಾಳಾ? ಅಡುಗೆಮನೆಗಾ? ನಮ್ಮ ಮಾಣಿ ಎಲ್ಲಿ?"

"ನಮ್ಮನೇಲಿ. ಹಿಟ್ಟು ಕಲಸ್ತಿದ್ದಾನೆ."

ಅತ್ತೆ ಮೆಲ್ಲಗೆ, "ನಾನು ಬಂದ ದಿನವೇ ಹೊರಟ್ಯಾ ಕೂಸೇ?" ಎಂದರು.

ಚೀಲ ನೆಲಕ್ಕಿಟ್ಟ ಶಬ್ದ ಕೇಳಿತು. ಜಯಂತಿಯ ಚೀಲ. ಆ ಚೀಲ ನೆಲಕ್ಕೆ ಹೋದರೆ ಹಗ್ಗದ ತುದಿ ಖಾಲಿ. ಗೋಡೆಯ ಮೇಲಿನಿಂದ ಕೂಗಲೇ, ಹಿಟ್ಟಿನ ಕೈಯಲ್ಲೇ ಓಡಲೇ ಎಂದು ನಾನು ಎದ್ದು ನಿಂತೆ. ಅಷ್ಟರಲ್ಲಿ ಸುರೇಶ ಬಸ್ಸಿನ ಬಾಗಿಲಲ್ಲಿ ನಿಂತವನ ದನಿಯಲ್ಲಿ ಹೇಳಿದ:

"ಜಯಂತಕ್ಕನ ಕೇಳ್ಬೇಡಿ ಅಮ್ಮ, ನನ್ನ ಕೇಳಿ. ಈ ಮನೆ ಇವತ್ತು ನನ್ನ ಜವಾಬ್ದಾರಿ. ಸ್ನಾನಕ್ಕೆ ನೀರು ಕಾದಿದೆ. ದೋಸೆಗೆ ಬೆಲ್ಲ ಬೇಕಾ, ಚಟ್ನಿ ಬೇಕಾ? ಅಕ್ಕಾ, ಜೀಪು ಹಾರ್ನ್ ಹೊಡೀತಾ ಉಂಟು. ನೀವಿನ್ನೂ ನಿಂತಿದ್ದೀರಲ್ಲ!"

ಚೀಲ ಎತ್ತಿದ ಶಬ್ದ ಕೇಳಲಿಲ್ಲ. ಮೆಟ್ಟಿಲಿಳಿದು ಓಡಿದ ಹೆಜ್ಜೆಗಳು ಕೇಳಿದವು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಜೀಪು ತಿರುವಿನಲ್ಲಿತ್ತು. ಹಿಂದಿನಿಂದ ಎರಡು ಕೈ ಬೀಸುತ್ತಿದ್ದವು. ಅತ್ತೆ ಮೂರು ದೋಸೆ ತಿಂದರು. ಮನೆಯಲ್ಲಿ ಒಬ್ಬರೇ ಕೂರಲು ಬೇಸರ ಎಂದು ನಮ್ಮೊಂದಿಗೆ ಹತ್ತು ಗಂಟೆಯ ಬಸ್ಸಿಗೆ ಹತ್ತಿದರು.

ನರಸಿಂಹರಾಜಪುರದ ಆ ಗದ್ದೆಯಲ್ಲಿ ಮೊಣಕಾಲವರೆಗೆ ಕೆಸರು. ಫೈನಲ್‌ನಲ್ಲಿ ಎದುರಿಗಿದ್ದದ್ದು ಬಸರೀಕಟ್ಟೆಯ ತಂಡ. ಎಸ್ಟೇಟಿನ ಇಳಿಜಾರಿನಲ್ಲಿ ಕಾಫಿ ಮೂಟೆ ಹೊತ್ತು ಗಟ್ಟಿಯಾದ ಕಾಲುಗಳು. ಮೊದಲ ಎಳೆತ ಅವರದು. ನಮ್ಮವರು ಎಂಟೂ ಜನ ಮುಖ ಅಡಿಯಾಗಿ ಬಿದ್ದರು. ಎರಡನೆಯದು ನಮ್ಮದು. ಅಷ್ಟರಲ್ಲಿ ನಾನು ಪೆನ್ನು ಕಳೆದುಕೊಂಡಿದ್ದೆ.

ಮೂರನೆಯದು ಶುರುವಾದಾಗ ಹಗ್ಗ ಯಾವ ಕಡೆಗೂ ಸರಿಯಲಿಲ್ಲ. ಗಿರಿಜಕ್ಕ ಮುಂದಿನಿಂದ "ಐಸಾ" ಎಂದರೆ ಹಿಂದಿನ ಏಳು ಗಂಟಲು ಉತ್ತರಿಸುತ್ತಿದ್ದವು. ಒಂದು ಗೇಣು ಆಚೆ, ಒಂದು ಗೇಣು ಈಚೆ. ತುದಿಯಲ್ಲಿ ಜಯಂತಿ ಸೊಂಟಕ್ಕೆ ಹಗ್ಗ ಸುತ್ತಿ ಆಕಾಶ ನೋಡುತ್ತ ಮಲಗಿದ ಹಾಗೆ ಹಿಂದಕ್ಕೆ ಬಾಗಿದ್ದಳು. ಹಿಮ್ಮಡಿಗಳು ಕೆಸರಿನೊಳಗೆ ಹೋಗಿ ಕಾಣುತ್ತಿರಲಿಲ್ಲ. ಕತ್ತಿನ ನರ ಕಾಣುತ್ತಿತ್ತು. ಹನ್ನೊಂದು ವರ್ಷದಲ್ಲಿ ಆ ಮುಖವನ್ನು ನಾನು ನೋಡಿರಲಿಲ್ಲ. ಮಗಳು ನನ್ನ ಹೆಗಲ ಮೇಲೆ ಹತ್ತಿ "ಅಮ್ಮಾ, ಎಳೀ" ಎಂದು ಕಿರುಚುತ್ತಿದ್ದಳು. ಪಕ್ಕದಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಿಡಬೇಡ ಕೂಸೇ, ಬಿಡಬೇಡ!" ಎಂದು ನನ್ನ ತೋಳನ್ನು ಹಗ್ಗವೆಂದುಕೊಂಡು ಎಳೆಯುತ್ತಿದ್ದರು. ಎದುರಿನವರಲ್ಲಿ ಒಬ್ಬಳ ಕಾಲು ಜಾರಿತು. ಗಿರಿಜಕ್ಕ ಅದನ್ನು ಕಂಡರು. ಒಂದೇ ಐಸಾ. ಬಸರೀಕಟ್ಟೆಯ ಮೊದಲಿಬ್ಬರು ಗೆರೆ ದಾಟಿ ಬಂದರು.

ನಾನು ಏನು ಮಾಡಿದೆನೆಂದು ಸರಿಯಾಗಿ ಹೇಳಲಾರೆ. ಕೆಸರಿನಲ್ಲಿ ಓಡಿದೆ ಎಂದು ಸುರೇಶ ಹೇಳುತ್ತಾನೆ. ಫೋಟೋ ತೆಗೆಯಲಿಲ್ಲ ಎಂಬುದು ಮಾತ್ರ ಖಚಿತ. ಮರುದಿನ ಪತ್ರಿಕೆಯಲ್ಲಿ ಮೂರು ಸಾಲು ಬಂತು, ವಿಶೇಷಣವಿಲ್ಲದೆ.

ಇಷ್ಟೂ ಕಳೆದ ಭಾನುವಾರ ಪಾತ್ರೆಯ ತಳ ಬೆಳ್ಳಗಾಗುವಷ್ಟರಲ್ಲಿ ನೆನಪಾಯಿತು. ಪುಟ್ಟಮ್ಮಜ್ಜಿ ಈಗಿಲ್ಲ. ಅವರು ಕೂರುತ್ತಿದ್ದ ಮೂಲೆಯಲ್ಲಿ ತಂಡದ ಹಗ್ಗ ಸುತ್ತಿಟ್ಟಿರುತ್ತದೆ. ಸಾಲಿನ ಕೊನೆಯ ಮನೆಗೆ ಹೊಸದಾಗಿ ಬಂದ ದಂಪತಿ ನನ್ನನ್ನು ಪಕ್ಕದ ಮನೆಯ ಬಚ್ಚಲಲ್ಲಿ ಕಂಡು ಗಾಬರಿಯಾಗಿ ವಿಚಾರಿಸಿದ್ದಾರೆ. ಮುಂದಿನ ಭಾನುವಾರ ಆ ಗಂಡ ನಮ್ಮ ಮನೆಗೆ, ಸುರೇಶ ಅವರ ಮನೆಗೆ.

ನರಸಿಂಹರಾಜಪುರದಲ್ಲಿ ಈ ಸಲ ನಮ್ಮ ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಗೆದ್ದವರು ಕಾಲೇಜು ಹುಡುಗಿಯರು. ಜಯಂತಿಯ ಎಡ ಅಂಗೈ ಚರ್ಮ ಸುಲಿದು ಬಂತು. ಸೋಮವಾರ ಅವಳು ಹೊಲಿಗೆ ಯಂತ್ರವನ್ನು ಬಲಗೈಯಲ್ಲೇ ನಡೆಸಿದಳು. ಇವತ್ತು ಮಧ್ಯಾಹ್ನ ಗಿರಿಜಕ್ಕ ಆ ಕಾಲೇಜು ಹುಡುಗಿಯರನ್ನು ಕೊಪ್ಪದ ಮೈದಾನಕ್ಕೆ ಕರೆಸಿದ್ದಾರೆ, ಅವರ ಹಿಡಿತ ಕಲಿಯುವುದಕ್ಕೆ.

ಈಗ ಸಂಜೆ ಆರೂ ಹತ್ತು. ಅನ್ನ ಆಗಿದೆ, ಸಾರಿಗೆ ಒಗ್ಗರಣೆ ಹಾಕಿದ್ದೇನೆ. ಜಯಂತಿ ಇನ್ನೂ ಮೈದಾನದಿಂದ ಬಂದಿಲ್ಲ.